ತಲೆ ಗಾಯಕ್ಕೆ ಹೊಲಿಗೆ ಹಾಕುತ್ತಾ ಕಲಿತಿದ್ದು

ತಾಲ್ಲೂಕು ಆಸ್ಪತ್ರೆಯಲ್ಲಿ ಅವತ್ತು ನನ್ನ ನೈಟ್ ಡ್ಯೂಟಿ. ಕೊಟ್ಟಿಗೆಯ ತಗ್ಗು ತೊಲೆಗೆ ತಲೆ ಬಡಿದುಕೊಂಡ ಒಬ್ಬ ಅಮ್ಮನನ್ನು ಕರೆತಂದರು. ಗಾಯಕ್ಕೆ ಕಾಫಿಪುಡಿ ಮೆತ್ತಿದ್ದರು. ಟವೆಲ್ ತುಂಬಾ ರಕ್ತ. ಮಗ ಅಳುತ್ತಿದ್ದ. ತೊಳೆದು ನೋಡಿದರೆ ಗಾಯ 4 ಸೆಂಟಿಮೀಟರ್ ಅಷ್ಟೇ.

ಇಷ್ಟು ಗಾಯಕ್ಕೆ ಅಷ್ಟು ರಕ್ತ ಯಾಕೆ? ನೆತ್ತಿಯಲ್ಲಿ ಐದು ಪದರಗಳಿವೆ. ಚರ್ಮದ ಕೆಳಗಿನದು ಕೊಬ್ಬು, ನಾರು ಹೆಣೆದುಕೊಂಡ ಗಟ್ಟಿ ಪದರ. ದೊಡ್ಡ ರಕ್ತನಾಳಗಳು ಹರಡಿರುವುದು ಅಲ್ಲೇ. ಬೇರೆ ಕಡೆ ನಾಳ ತುಂಡಾದರೆ ಮುದುಡಿ ಒಳಗೆ ಸರಿಯುತ್ತದೆ. ಇಲ್ಲಿ ನಾರುಗಳು ಅದರ ಬಾಯಿ ಮುಚ್ಚಲು ಬಿಡುವುದಿಲ್ಲ. ಹಣೆ, ಕಿವಿಯ ಪಕ್ಕ, ಹಿಂದಲೆಯಿಂದ ಬಂದ ನಾಳಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಗಾಯದ ಎರಡೂ ಅಂಚಿನಿಂದ ರಕ್ತ ಬರುತ್ತದೆ.

ಮೊದಮೊದಲು ನಾನು ಫೋರ್ಸೆಪ್ಸ್ (ಚಿಮಟ) ಹಿಡಿದು ಒಂದೊಂದೇ ನಾಳ ಹುಡುಕುತ್ತಿದ್ದೆ. ಈಗ ಗಾಜ್ ಬಟ್ಟೆ ಇಟ್ಟು, ಅಂಚನ್ನು ಬುರುಡೆಗೆ ಒತ್ತಿ ಹಿಡಿಯುತ್ತೇನೆ. ನಡುನಡುವೆ ಎತ್ತಿ ನೋಡುವುದಿಲ್ಲ. ಆಮೇಲೆ ನೋವು ಗೊತ್ತಾಗದಂತೆ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್, ಅದರಲ್ಲಿ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿರುತ್ತದೆ. ಸಿರಿಂಜ್ ಒತ್ತುವಾಗ ಹೆಬ್ಬೆರಳಿಗೆ ಬಲ ಬೇಕಾದರೆ ಸೂಜಿ ಆ ಗಟ್ಟಿ ಪದರದಲ್ಲೇ ಇದೆ. ಸಲೀಸಾಗಿ ಹೋದರೆ ಆಳಕ್ಕಿಳಿದಿದೆ ಅಂತ ಲೆಕ್ಕ.

"ಕೂದ್ಲು ಬೋಳಿಸ್ತೀರಾ ಡಾಕ್ಟ್ರೇ?" ಅಂತ ಆ ಅಮ್ಮ ಮೆಲ್ಲಗೆ ಕೇಳಿದರು. ಬೇಡವೇ ಬೇಡ. ಒದ್ದೆ ಮಾಡಿ ಎರಡೂ ಕಡೆ ಬಾಚಿದರೆ ಸಾಕು.

ಹೊಲಿಯುವ ಮೊದಲು ಗ್ಲೌಸ್ ಹಾಕಿದ ಬೆರಳನ್ನು ಗಾಯದೊಳಗೆ ಆಡಿಸಿ ನೋಡುತ್ತೇನೆ. ಮೂಳೆ ಒಡೆದಿದೆಯಾ? ಮೂರನೇ ಪದರ ಸೀಳಿದೆಯಾ? ಅದಕ್ಕೆ ಗೇಲಿಯಾ ಅಂತಾರೆ, ಬೆಳ್ಳಗಿನ ಗಟ್ಟಿ ಹಾಳೆ. ಮುಂದೆ ಹಣೆಯ ಸ್ನಾಯು, ಹಿಂದೆ ಹಿಂದಲೆಯ ಸ್ನಾಯು ಅದನ್ನು ಎಳೆಯುತ್ತಿರುತ್ತವೆ. ಅಡ್ಡಕ್ಕೆ ಸೀಳಿದರೆ ಗಾಯ ಬಾಯಿ ಬಿಡುತ್ತದೆ.

ಗೇಲಿಯಾ ಸೀಳಿದ್ದರೆ ಅದನ್ನೂ ಹೊಲಿಯಬೇಕು ಅನ್ನುವುದನ್ನು ನಾನು ತಪ್ಪು ಮಾಡಿಯೇ ಕಲಿತಿದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬನಿಗೆ ಚರ್ಮ ಮಾತ್ರ ಹೊಲಿದು ಕಳಿಸಿದೆ. ಎರಡನೇ ದಿನ ಎರಡೂ ಕಣ್ಣ ರೆಪ್ಪೆ ಊದಿ ಕಪ್ಪಾಗಿ ಬಂದ. ಬುರುಡೆಯ ತಳ ಒಡೆದಿದೆಯೋ ಅಂತ ನನ್ನ ಕೈಕಾಲು ತಣ್ಣಗಾಯಿತು. ಸಿಟಿ ಸ್ಕ್ಯಾನ್‌ಗೆ ಕಳಿಸಿದೆ. ಮೂಳೆಗೆ ಏನೂ ಆಗಿರಲಿಲ್ಲ. ಗೇಲಿಯಾದ ಕೆಳಗಿನ ನಾಲ್ಕನೇ ಪದರ ತುಂಬಾ ಸಡಿಲ. ಹಣೆಯ ಸ್ನಾಯುವಿಗೆ ಮೂಳೆಯ ಹಿಡಿತವಿಲ್ಲ. ಅಲ್ಲಿ ನಿಂತ ರಕ್ತ ಸೀದಾ ರೆಪ್ಪೆಗಿಳಿದಿತ್ತು. ಕೀವಾದರೆ ಇನ್ನೂ ಅಪಾಯ, ಮೂಳೆ ದಾಟುವ ಸಣ್ಣ ನಾಳಗಳ ಮೂಲಕ ಸೋಂಕು ತಲೆಯೊಳಗೇ ಹೋಗಬಹುದು. ಐದನೆಯದು ಮೂಳೆಗೆ ಅಂಟಿದ ಪೊರೆ.

ಈ ಅಮ್ಮನಿಗೆ ಕಾಫಿಪುಡಿಯ ಒಂದು ಕಣವೂ ಉಳಿಯದ ಹಾಗೆ ಸಲೈನ್‌ನಲ್ಲಿ ತೊಳೆದೆ. ಗೇಲಿಯಾಗೆ ಕರಗುವ ದಾರ, ಚರ್ಮಕ್ಕೆ ನೈಲಾನ್, ಟಿಟಿ ಇಂಜೆಕ್ಷನ್. ಎಂಟನೇ ದಿನ ಹೊಲಿಗೆ ಬಿಚ್ಚಲು ಬಂದರು. ರೆಪ್ಪೆ ಊದಿರಲಿಲ್ಲ. ಕೂದಲು ಸರಿಸಿ ನೋಡಿದೆ, ತೆಳ್ಳಗಿನ ಗೆರೆಯೊಂದು ಉಳಿದಿತ್ತು.