ಮೋಟಾರು ಕಾಣದ ಹಾದಿಯಲ್ಲಿ ಇಂಗ್ಲೆಂಡ್: ಸೈಕಲ್ ಪ್ರವಾಸಕ್ಕೆ ದಾರಿ ಹೊಂದಿಸುವುದು ಹೇಗೆ?

ಬೇಸಿಗೆ ಬಂತೆಂದರೆ ಬ್ರಿಸ್ಟಲ್‌ನ ನಮ್ಮ ಮನೆಗೆ ಊರಿನಿಂದ ಯಾರಾದರೂ ಬಂದೇ ಬರುತ್ತಾರೆ. ಇಲ್ಲಿನ ಹಸಿರು ನೋಡಿದವರಿಗೆ ಸೈಕಲ್ ಹತ್ತುವ ಆಸೆ ಹುಟ್ಟುವುದು ಸಹಜ. ಒಮ್ಮೆ ದಾವಣಗೆರೆಯಿಂದ ಮಗಳನ್ನು ನೋಡಲು ಬಂದಿದ್ದ ದಂಪತಿ ಬಾತ್ ನಗರದಿಂದ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಸೈಕಲ್‌ನಲ್ಲಿ ಹೊರಟರು. ಮೊಬೈಲ್ ತೋರಿಸಿದ ದಾರಿಯನ್ನೇ ನಂಬಿ ಎ36 ಹೆದ್ದಾರಿಗೆ ಬಿದ್ದರು. ಲಾರಿಗಳ ಗಾಳಿಗೆ ಸೈಕಲ್ ಓಲಾಡಿತು. ಆ ತಾಯಿ ರಸ್ತೆಯಂಚಿನ ಹುಲ್ಲಿನ ಮೇಲೆ ಕುಳಿತು, ಇನ್ನು ಒಂದು ಹೆಜ್ಜೆಯೂ ಮುಂದೆ ಬರುವುದಿಲ್ಲ ಎಂದುಬಿಟ್ಟರು. ಅದೇ ಕಣಿವೆಯಲ್ಲಿ, ಅವರಿಗಿಂತ ಸ್ವಲ್ಪವೇ ಕೆಳಗೆ, ಬಾತುಕೋಳಿಗಳು ಈಜುವ ಕಾಲುವೆಯೂ ಅದರ ದಂಡೆಗುಂಟ ಸೈಕಲ್ ಹಾದಿಯೂ ಇದ್ದವು. ಅವರು ಸೋತದ್ದು ಕಾಲಿನ ಕಸುವು ಸಾಲದೆ ಅಲ್ಲ, ಹೊರಡುವ ಮುನ್ನ ನಕ್ಷೆ ನೋಡದೆ.

ಹಂತ 1: ಹಳೆಯ ರೈಲು ಹಾದಿ ಅಥವಾ ಕಾಲುವೆಯನ್ನು ಆರಿಸಿ

ಇಂಗ್ಲೆಂಡಿನ ಹಳ್ಳಿಗಾಡು ನೋಡಲು ಮೃದು, ತುಳಿಯಲು ಕಠಿಣ. ಸಣ್ಣ ಗುಡ್ಡಗಳು ಒಂದರ ಬೆನ್ನಿಗೆ ಒಂದು ಬಂದು ಉಸಿರು ಕಟ್ಟಿಸುತ್ತವೆ. ಆದರೆ ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲ. ಹಾಗಾಗಿ ರೈಲು ಹಾಕಿದವರು ಗುಡ್ಡ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ನೆಲವನ್ನು ಸಮ ಮಾಡಿದರು. ನಷ್ಟದ ರೈಲು ಮಾರ್ಗಗಳನ್ನು ಮುಚ್ಚಬೇಕೆಂದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಹಳಿ ಕಿತ್ತುಹೋಯಿತು. ಹಾಗೆ ಖಾಲಿ ಬಿದ್ದ ನೆಲದ ಒಂದು ಪಾಲು ಇಂದು ಸೈಕಲ್ ಸವಾರರದು. ಈ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ 1977ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಮುಂದೆ ಸಸ್ಟ್ರಾನ್ಸ್ ಎಂದು ಹೆಸರಾದ ಸಂಸ್ಥೆ ಇದೆ. ಬ್ರಿಸ್ಟಲ್–ಬಾತ್ ರೈಲು ಹಾದಿ ಎಂಬ ಸೈಕಲ್ ದಾರಿಯನ್ನು 1979ರಿಂದ 1986ರವರೆಗೆ ತುಂಡು ತುಂಡಾಗಿ ಕಟ್ಟಲಾಯಿತು. ಅದರ ಉದ್ದ 13 ಮೈಲಿ, ಅಂದರೆ 21 ಕಿಲೋಮೀಟರ್. ಪೂರ್ತಿ ಡಾಂಬರು.

ಒಂದೇ ದಿನ ಕೈಯಲ್ಲಿದ್ದರೆ ಡರ್ಬಿಶೈರ್‌ನ ಮಾನ್ಸಲ್ ಟ್ರೇಲ್ ಸಾಕು. ಎಂಟೂವರೆ ಮೈಲಿಯ ಆ ಹಾದಿಯ ಸುರಂಗಗಳು 2011ರಲ್ಲಿ ಸೈಕಲ್‌ಗಳಿಗೆ ತೆರೆದವು. ಡೆವನ್‌ನ ಟಾರ್ಕಾ ಟ್ರೇಲ್‌ನಲ್ಲಿ ಬ್ರಾಂಟನ್‌ನಿಂದ ಮೀತ್‌ವರೆಗೆ 30 ಮೈಲಿ ಕಾರಿನ ಸದ್ದಿಲ್ಲ. ಮಕ್ಕಳಿದ್ದರೆ ಕಾರ್ನ್‌ವಾಲ್‌ನ ಕ್ಯಾಮೆಲ್ ಟ್ರೇಲ್‌ನ ವೇಡ್‌ಬ್ರಿಡ್ಜ್–ಪ್ಯಾಡ್‌ಸ್ಟೋ ಭಾಗವೇ ಸರಿ, ಬೇರೆ ಯೋಚನೆ ಬೇಡ. ಹೈ ಪೀಕ್ ಟ್ರೇಲನ್ನು ಮಾತ್ರ ಕ್ರಾಮ್‌ಫರ್ಡ್ ತುದಿಯಿಂದ ಶುರು ಮಾಡಬೇಡಿ. ಅಲ್ಲಿ ಬಂಡಿಗಳನ್ನು ಹಗ್ಗ, ಸರಪಳಿಗಳಿಂದ ಮೇಲಕ್ಕೆಳೆಯುತ್ತಿದ್ದರು. ಎಂಟು ಅಡಿಗೆ ಒಂದಡಿಯಷ್ಟು ಏರು ಇದೆ. ಪಾರ್ಸ್ಲಿ ಹೇಯಿಂದ ಹೊರಡಿ.

ಹಂತ 2: ನಕ್ಷೆಯಲ್ಲಿ ಸಂದುಗಳನ್ನು ಹುಡುಕಿ

ಎಡವಟ್ಟುಗಳೆಲ್ಲ ಆಗುವುದು ಈ ಹಂತದಲ್ಲಿ. ಇದಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ.

ನೀಲಿ ಫಲಕ, ಬಿಳಿ ಸೈಕಲ್ ಚಿತ್ರ, ಕೆಂಪು ಚೌಕದೊಳಗೆ ಒಂದು ಸಂಖ್ಯೆ: ಇದು ರಾಷ್ಟ್ರೀಯ ಸೈಕಲ್ ಜಾಲದ ಗುರುತು. ಇದನ್ನು ಕಂಡರೆ ಮುಂದೆ ಕಾರುಗಳೇ ಇಲ್ಲ ಎಂದು ಹೆಚ್ಚಿನವರು ತಿಳಿಯುತ್ತಾರೆ. ಅದು ತಪ್ಪು. ಈ ಜಾಲದ ಬಹುಪಾಲು ಸಾಮಾನ್ಯ ರಸ್ತೆಗಳ ಮೇಲೆಯೇ ಸಾಗುತ್ತದೆ. ತೀರಾ ಅಪಾಯದ ರಸ್ತೆಗಳನ್ನು ಹೊರಗಿಡಲು 2020ರಲ್ಲಿ ಜಾಲದ ಸುಮಾರು ಕಾಲು ಭಾಗವನ್ನು ಕೈಬಿಡಬೇಕಾಯಿತು ಅಥವಾ ಬೇರೆ ವರ್ಗಕ್ಕೆ ಸೇರಿಸಬೇಕಾಯಿತು. ಹಳೆಯ ನಕ್ಷೆ, ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನೆಚ್ಚಬಾರದು ಎನ್ನುವುದು ಇದಕ್ಕೇ.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಕ್ಷಾಪುಟದ ಎಕ್ಸ್‌ಪ್ಲೋರರ್ ನಕ್ಷೆ ಕೊಳ್ಳಿ. ನಾಲ್ಕು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್ ಬರುವಷ್ಟು ವಿವರ ಅದರಲ್ಲಿದೆ. ಗುಲಾಬಿ ಬಣ್ಣದ ಲ್ಯಾಂಡ್‌ರೇಂಜರ್ ನಕ್ಷೆ ಹೆಚ್ಚು ಪ್ರದೇಶವನ್ನು ತೋರಿಸುತ್ತದೆ, ಆದರೆ ಸಂದಿಗೊಂದಿ ಹುಡುಕುವವರಿಗೆ ಸಾಲದು. ಬಾತ್ ಕಡೆಯ ಪ್ರವಾಸಕ್ಕೆ 155 ಮತ್ತು 156ನೇ ಹಾಳೆಗಳು ಬೇಕು. ಸೈಕಲ್ ಮಾರ್ಗ ಚುಕ್ಕಿಗಳ ಸಾಲಾಗಿ ಕಾಣುತ್ತದೆ. ಒಳಗೆ ಬಣ್ಣ ತುಂಬಿದ ಚುಕ್ಕಿ ಎಂದರೆ ವಾಹನಗಳಿಲ್ಲದ ಹಾದಿ, ಟೊಳ್ಳು ಚುಕ್ಕಿ ಎಂದರೆ ರಸ್ತೆ. ಬೆರಳಿಟ್ಟು ಚುಕ್ಕಿಯಿಂದ ಚುಕ್ಕಿಗೆ ಹೋಗಿ. ತುಂಬಿದ ಚುಕ್ಕಿ ಟೊಳ್ಳಾಗುವ ಪ್ರತಿ ಜಾಗಕ್ಕೂ ಪೆನ್ಸಿಲ್ ಸುತ್ತು ಹಾಕಿ. ಅವೇ ಸಂದುಗಳು. ಪ್ರತಿ ಸಂದಿನಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ: ರಸ್ತೆ ಎಷ್ಟು ಉದ್ದ, ಎಷ್ಟು ದೊಡ್ಡದು, ಅದನ್ನು ದಾಟಿದರೆ ಸಾಕೇ ಅಥವಾ ಅದರಲ್ಲೇ ಸಾಗಬೇಕೇ? ಹೆಸರಿಲ್ಲದ ಹಳ್ಳಿ ರಸ್ತೆ ಒಂದು ಮೈಲಿ ಇದ್ದರೂ ಚಿಂತೆಯಿಲ್ಲ. ಎ36ರಂಥ ಎ ಅಕ್ಷರದ ಹೆದ್ದಾರಿ ಇನ್ನೂರು ಮೀಟರ್ ಇದ್ದರೂ ನಾನು ಸೈಕಲ್ ಇಳಿದು ತಳ್ಳುತ್ತೇನೆ.

ಹಸಿರು ಗೆರೆಗಳ ವಿಷಯಕ್ಕೆ ಬನ್ನಿ. ಚಿಕ್ಕ ಚಿಕ್ಕ ತುಂಡುಗಳ ಹಸಿರು ಗೆರೆ ಕಾಲುಹಾದಿ. ಅಲ್ಲಿ ಸೈಕಲ್ ತುಳಿಯುವ ಹಕ್ಕು ನಮಗಿಲ್ಲ. ಉದ್ದುದ್ದ ತುಂಡುಗಳದು ಕುದುರೆ ಹಾದಿ. 1968ರ ಕಾನೂನು ಅಲ್ಲಿ ಸೈಕಲ್‌ಗೆ ಅವಕಾಶ ಕೊಟ್ಟಿದೆ, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬ ಷರತ್ತಿನೊಂದಿಗೆ. ನೆಲದ ಮೇಲೆ ಇವನ್ನು ಗುರುತಿಸುವುದು ಸುಲಭ: ಕಾಲುಹಾದಿಗೆ ಹಳದಿ ಬಾಣ, ಕುದುರೆ ಹಾದಿಗೆ ನೀಲಿ ಬಾಣ. ಆದರೆ ಕಾನೂನು ಬಿಟ್ಟ ಮಾತ್ರಕ್ಕೆ ಚಕ್ರ ಉರುಳುತ್ತದೆ ಎಂದಲ್ಲ. ಮಳೆಯಾದ ಮರುದಿನ ಕುದುರೆ ಹಾದಿ ನಾಟಿಗೆ ಹದ ಮಾಡಿದ ಗದ್ದೆಯಂತಿರುತ್ತದೆ. ಚೀಲ ಹೊತ್ತ ಸೈಕಲ್‌ನಲ್ಲಿ ಅತ್ತ ಸುಳಿಯಬೇಡಿ.

ನಾನು ಪದೇ ಪದೇ ಹೋಗುವ, ಬ್ರಿಸ್ಟಲ್‌ನಿಂದ ಡಿವೈಜಸ್ ಪಟ್ಟಣದವರೆಗಿನ ಎರಡು ದಿನದ ಪ್ರವಾಸದ ಸಂದುಗಳನ್ನೇ ಹೇಳುತ್ತೇನೆ. ಬ್ರಿಸ್ಟಲ್‌ನಿಂದ ರೈಲು ಹಾದಿ ಹಿಡಿದರೆ ಬಿಟನ್ ಬಳಿ ಉಗಿಬಂಡಿಗಳ ಜೊತೆಜೊತೆಗೇ ಸಾಗಬಹುದು. ಬಾತ್‌ನ ಅಂಚಿನಲ್ಲಿ ಬ್ರಾಸ್‌ಮಿಲ್ ಲೇನ್ ಹತ್ತಿರ ಹಾದಿ ಮುಗಿಯುತ್ತದೆ. ಇದು ಮೊದಲ ಸಂದು. ಇಲ್ಲಿ ಜನ ಊರೊಳಗಿನ ರಸ್ತೆಗೆ ನುಗ್ಗುತ್ತಾರೆ. ನುಗ್ಗಬೇಡಿ, ಏವನ್ ನದಿಯ ದಂಡೆ ಹಿಡಿಯಿರಿ. ನೇರ ರೈಲು ನಿಲ್ದಾಣದ ಸಮೀಪಕ್ಕೆ ತಲುಪುತ್ತೀರಿ. ಎರಡನೆಯ ಸಂದು ನಿಲ್ದಾಣದ ಹಿಂಬದಿಯಲ್ಲಿದೆ. ಸೈಕಲ್ ತಳ್ಳಿಕೊಂಡು ನಡೆಸೇತುವೆ ದಾಟಿ ವಿಡ್‌ಕಮ್‌ಗೆ ಬಂದರೆ ಕೆನೆಟ್ ಅಂಡ್ ಏವನ್ ಕಾಲುವೆ ನದಿಯನ್ನು ಸೇರುವ ಜಾಗ ಸಿಗುತ್ತದೆ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆದ ದಂಡೆಯೇ ಮುಂದಿನ ಹಾದಿ.

ಮೂರನೆಯದು ಏವನ್‌ಕ್ಲಿಫ್. ಇಲ್ಲಿ ದಾರಿ ತಪ್ಪದವರನ್ನು ನಾನು ಕಂಡದ್ದು ಕಡಿಮೆ. ಕಾಲುವೆಯೇ ಕಲ್ಲಿನ ಸೇತುವೆ ಏರಿ ನದಿ ದಾಟುತ್ತದೆ. ನಮ್ಮಲ್ಲಿ ಮೇಲ್ಗಾಲುವೆ ಎನ್ನುತ್ತೇವಲ್ಲ, ಅದು. ಇದನ್ನೂ, ಇದಕ್ಕೆ ಮೊದಲು ಸಿಗುವ ಡಂಡಾಸ್ ಮೇಲ್ಗಾಲುವೆಯನ್ನೂ ಕಟ್ಟಿಸಿದ ಎಂಜಿನಿಯರ್ ಜಾನ್ ರೆನ್ನಿ. ಎರಡೂ ಇನ್ನೂರು ವರ್ಷ ದಾಟಿಯೂ ನೀರು ಹೊತ್ತು ನಿಂತಿವೆ. ಏವನ್‌ಕ್ಲಿಫ್‌ನಲ್ಲಿ ಮೇಲ್ಗಾಲುವೆ ದಾಟಿದ ಕೂಡಲೇ ಹಾದಿ ಕಾಲುವೆಯ ಇನ್ನೊಂದು ಬದಿಗೆ ಬದಲಾಗುತ್ತದೆ. ಬದಲಾಗಲು ಮೇಲೆ ಸೇತುವೆಯಿಲ್ಲ. ಕೆಳಗಿಳಿದು, ಕಮಾನಿನ ಅಡಿ ನುಸುಳಿ, ಆಚೆ ಏರಬೇಕು. ತೋಚದೆ ಮುಂದಕ್ಕೆ ತುಳಿದವರು ಗುಡ್ಡದ ರಸ್ತೆಗೆ ಬೀಳುತ್ತಾರೆ. ಇಳಿಯಿರಿ, ತಳ್ಳಿ, ನುಸುಳಿ.

ಬ್ರಾಡ್‌ಫರ್ಡ್ ಮುಗಿದು ಡಿವೈಜಸ್ ತಲುಪಿದರೆ ಅಲ್ಲಿಗೆ ನಿಲ್ಲಿಸಿ. 4ನೇ ಸಂಖ್ಯೆಯ ಫಲಕ ಮುಂದಕ್ಕೂ ಕರೆಯುತ್ತದೆ, ಆದರೆ ಅಲ್ಲಿಂದಾಚೆ ಹೆಚ್ಚಾಗಿ ರಸ್ತೆಯೇ.

ಹಂತ 3: ಗಂಟೆಗೆ ಎಷ್ಟು ದೂರ?

ಡಾಂಬರು ಹಾದಿಯಲ್ಲಿ ಗಂಟೆಗೆ 15 ಕಿಲೋಮೀಟರ್, ಕಾಲುವೆ ದಂಡೆಯಲ್ಲಿ 10 ಎಂದು ಲೆಕ್ಕ ಹಾಕಿ. ನಡೆಯುವವರು, ನಾಯಿಗಳು, ಮೀನು ಹಿಡಿಯುವವರ ಉದ್ದದ ಗಾಳಗಳು ಎಲ್ಲವೂ ಅದೇ ದಂಡೆಯ ಮೇಲಿರುತ್ತವೆ. ವೇಗಕ್ಕೆ ಅದು ಜಾಗವಲ್ಲ.

ಹಂತ 4: ಸೈಕಲ್

ಬಾಡಿಗೆಗೆ ಸಿಗುತ್ತದೆ. 35ರಿಂದ 40 ಮಿಲಿಮೀಟರ್ ಅಗಲದ ಟೈರ್, ಮಡ್‌ಗಾರ್ಡ್, ಬೆಲ್ ಇದ್ದರೆ ಸಾಕು. ಟೈರಿನ ವಿಷಯದಲ್ಲಿ ಜಿಪುಣತನ ಸಲ್ಲದು. ಇಲ್ಲಿನ ಬೇಲಿಗಳೆಲ್ಲ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಗಿಡಗಳು. ಹಕ್ಕಿ ಗೂಡು ಕಟ್ಟುವ ಕಾಲ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದ, ರೈತರು ಬೇಲಿ ಸವರುತ್ತಾರೆ. ಆಗ ಹಾದಿಯೆಲ್ಲ ಮುಳ್ಳು. ಒಮ್ಮೆ ಅಗ್ಗದ ಟೈರ್ ನಂಬಿ ಅಕ್ಟೋಬರ್‌ನಲ್ಲಿ ಹೊರಟು ಒಂದೇ ದಿನ ನಾಲ್ಕು ಪಂಕ್ಚರ್ ತಿದ್ದಿದ್ದೇನೆ. ಅಂದಿನಿಂದ ಶ್ವಾಲ್ಬೆ ಮ್ಯಾರಥಾನ್ ಬಿಟ್ಟು ಬೇರೆ ಹಾಕಿಲ್ಲ. ಭಾರವಿದೆ, ಇರಲಿ.

ಸೀಟಿನ ಮೇಲೆ ಹೊದಿಸುವ ಮೆತ್ತನೆಯ ಜೆಲ್ ಕವರ್ ಕೊಳ್ಳಬೇಡಿ. ಹತ್ತು ಮೈಲಿಯೊಳಗೆ ಜಾರಿ ತೊಡೆ ಉಜ್ಜುತ್ತದೆ. ಬೆನ್ನಿಗೆ ಚೀಲವೂ ಬೇಡ, ಭಾರವನ್ನು ಕ್ಯಾರಿಯರ್ ಹೊರಲಿ. ಆದರೆ ಚೀಲಗಳು ಉಬ್ಬದಂತೆ ತುಂಬಿ. ಮೋಟಾರ್‌ಸೈಕಲ್ ತಡೆಯಲೆಂದು ಹಲವು ಹಾದಿಗಳ ಬಾಯಿಯಲ್ಲಿ ಇಕ್ಕಟ್ಟಾದ ಕಬ್ಬಿಣದ ಗೇಟುಗಳಿವೆ. ಉಬ್ಬಿದ ಚೀಲ ಸಿಕ್ಕಿಕೊಂಡರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು.

ಹಂತ 5: ರೈಲು

ಲಂಡನ್‌ನಿಂದ ಬರುವ ದೂರದ ರೈಲಿನಲ್ಲಿ ಸೈಕಲ್‌ಗೂ ಮುಂಗಡ ಜಾಗ ಕಾಯ್ದಿರಿಸಿ. ಸ್ಥಳೀಯ ರೈಲುಗಳಲ್ಲಿ ಕೆಲವೇ ಸೈಕಲ್‌ಗಳಿಗೆ ಜಾಗ. ಫ್ರೆಶ್‌ಫರ್ಡ್, ಏವನ್‌ಕ್ಲಿಫ್, ಬ್ರಾಡ್‌ಫರ್ಡ್ ಮೂರೂ ಒಂದೇ ಹಳಿಯ ಮೇಲಿವೆ, ಮಳೆ ಹಿಡಿದರೆ ಅಲ್ಲಿಂದ ಮರಳಬಹುದು. ಡಿವೈಜಸ್‌ನಲ್ಲಿ ಮಾತ್ರ ರೈಲು ನಿಲ್ದಾಣವೇ ಇಲ್ಲ, 1966ರಲ್ಲೇ ಮುಚ್ಚಿದೆ. ಸಂಜೆ ಆರಕ್ಕೆ ಅಲ್ಲಿ ನಿಂತು ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ರಾತ್ರಿಯ ಕೋಣೆ ಮೊದಲೇ ಗೊತ್ತು ಮಾಡಿಕೊಳ್ಳಿ.

ಹಂತ 6: ಹಾದಿಯ ಮೇಲೆ

ಕಾಲುವೆ ದಂಡೆಯಲ್ಲಿ ನಡೆಯುವವರೇ ಮೊದಲು. ದೂರದಿಂದಲೇ ಎರಡು ಸಲ ಬೆಲ್ ಒತ್ತಿ, ನಿಧಾನಿಸಿ, ದಾಟಿದ ಮೇಲೆ ಧನ್ಯವಾದ ಹೇಳಿ. ಸೇತುವೆಗಳ ಕೆಳಗೆ ಹಾದಿ ಕಿರಿದು, ಎದುರಿನವರು ಕಾಣುವುದಿಲ್ಲ. ಅಲ್ಲಿ ಇಳಿದು ನಡೆಯುವುದೇ ಲೇಸು. ಕುದುರೆ ಎದುರಾದರೆ ಬೆಲ್ ಬೇಡ, ಬಾಯಲ್ಲಿ ಮಾತಾಡಿ. ಮನುಷ್ಯನ ದನಿ ಕೇಳಿದರೆ ಅದು ಬೆದರುವುದಿಲ್ಲ.

ಡಿವೈಜಸ್ ಸೇರುವ ಮುನ್ನ ಕೇನ್ ಹಿಲ್ ಎದುರಾಗುತ್ತದೆ. ದೋಣಿಗಳನ್ನು ನೀರಿನ ಮೆಟ್ಟಿಲುಗಳಂತೆ ಎತ್ತುವ 29 ಲಾಕ್‌ಗಳು ಎರಡು ಮೈಲಿಯಲ್ಲಿವೆ, ಅವುಗಳಲ್ಲಿ 16 ಒಂದೇ ನೇರದಲ್ಲಿ ಗುಡ್ಡಕ್ಕೆ ಅಂಟಿಕೊಂಡಿವೆ. ಇಡೀ ಪ್ರವಾಸದ ನಿಜವಾದ ಏರು ಇದೊಂದೇ. ಬುಡದಲ್ಲಿ ನಿಂತು ನೀರು ಕುಡಿದು, ಚಿಕ್ಕ ಗಿಯರ್‌ಗೆ ಹಾಕಿ ಹತ್ತಿರಿ. ಯಾವುದಾದರೂ ದೋಣಿ ಲಾಕ್ ಏರುತ್ತಿದ್ದರೆ ಸೈಕಲ್ ಒರಗಿಸಿ ನಿಲ್ಲಿ. ಗೇಟಿನ ಉದ್ದನೆಯ ತೊಲೆ ತಳ್ಳಲು ಅವರಿಗೆ ಇನ್ನೊಂದು ಜೊತೆ ಕೈ ಬೇಕೇ ಎಂದು ಕೇಳಿ.