ಇಂಟು ಗುರುತು ಹಾಕಿದ ಪುಟಗಳು

ನಾನು ಬರೆದ ಮೊದಲ ವಿಮರ್ಶೆಯನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ಅದೊಂದು ಬಾಹ್ಯಾಕಾಶದ ಕಾದಂಬರಿ. ಒಂದು ನೌಕೆ ಸಿಡಿದಾಗ ದೂರದ ಇನ್ನೊಂದು ನೌಕೆಯಲ್ಲಿದ್ದವರಿಗೆ ಸದ್ದು ಕೇಳಿಸುತ್ತದೆ. ನಿರ್ವಾತದಲ್ಲಿ ಸದ್ದು ಸಾಗುವುದಿಲ್ಲ ಅಂತ ಶಾಲೆಯಲ್ಲೇ ಕಲಿತಿದ್ದೆನಲ್ಲ, ಅದನ್ನೇ ಹಿಡಿದುಕೊಂಡು ಎರಡು ಪ್ಯಾರಾ ಜಾಡಿಸಿದ್ದೆ. ಪಾತ್ರಗಳ ಬಗ್ಗೆ ಬರೆದದ್ದು ಎರಡೇ ಸಾಲು. ಆದರೆ ಆ ಪುಸ್ತಕ ಹಿಡಿಸದೇ ಇದ್ದದ್ದು ಸದ್ದಿನಿಂದಲ್ಲ. ಆ ನೌಕೆಯಲ್ಲಿ ಸತ್ತವರ ಪೈಕಿ ಒಬ್ಬರ ಮುಖವೂ ನನ್ನ ಕಣ್ಣಿಗೆ ಕಟ್ಟಿರಲಿಲ್ಲ. ಇದು ಹೊಳೆಯುವಷ್ಟರಲ್ಲಿ ನಾನೇ ಒಂದು ಕಾದಂಬರಿ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದೆ.

ವಿಜ್ಞಾನದ ತಪ್ಪು ಹಿಡಿಯುವುದು ಸುಲಭ, ಖುಷಿಯೂ ಕೊಡುತ್ತದೆ. ಆದರೆ ಬರೀ ಅದರಿಂದ ಪುಸ್ತಕ ಬೀಳುವುದಿಲ್ಲ. ಅಮೆರಿಕದ ಲೇಖಕ ಲ್ಯಾರಿ ನಿವೆನ್ 1970ರಲ್ಲಿ ಪ್ರಕಟಿಸಿದ ಕಾದಂಬರಿ 'ರಿಂಗ್‌ವರ್ಲ್ಡ್' ನೋಡಿ. ನಕ್ಷತ್ರದ ಸುತ್ತ ಕಟ್ಟಿದ ಬೃಹತ್ ಉಂಗುರ, ಅದರ ಒಳಮೈ ಮೇಲೆ ಜನವಸತಿ. ಮೊದಲ ಮುದ್ರಣದಲ್ಲಿ ಭೂಮಿ ತಿರುಗುವ ದಿಕ್ಕೇ ಉಲ್ಟಾ ಆಗಿತ್ತು. ಅಂಥ ಉಂಗುರ ತಾನಾಗಿಯೇ ನೆಲೆ ನಿಲ್ಲುವುದಿಲ್ಲ, ಜಾರಿ ನಕ್ಷತ್ರಕ್ಕೆ ಬಡಿಯುತ್ತದೆ ಅಂತ ಓದುಗರು ಲೆಕ್ಕ ಹಾಕಿ ತೋರಿಸಿದರು. ನಿವೆನ್ ಮುಂದಿನ ಭಾಗದಲ್ಲಿ ಉಂಗುರವನ್ನು ಜಾಗದಲ್ಲೇ ಹಿಡಿದಿಡುವ ಎಂಜಿನ್‌ಗಳನ್ನು ತಂದು ಕೂರಿಸಿದರು. ಇಷ್ಟೆಲ್ಲ ತಪ್ಪಿದ್ದ ಪುಸ್ತಕಕ್ಕೆ ಇಂಥ ಕಾದಂಬರಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು. ತಪ್ಪು ಹುಡುಕಲು ಕಾಗದ ಪೆನ್ನು ಹಿಡಿದು ಕೂತ ಆ ಓದುಗರು ಉಂಗುರವನ್ನು ನಂಬಿದ್ದರು, ಅಲ್ವಾ? ನಂಬದವರು ಯಾಕೆ ಲೆಕ್ಕ ಹಾಕುತ್ತಾರೆ!

ಹಾಗಾಗಿ ಈಗ ನಾನು ಕೇಳಿಕೊಳ್ಳುವುದು ಒಂದೇ. ಯಾವ ಪುಟದಲ್ಲಿ ನಂಬುವುದನ್ನು ಬಿಟ್ಟೆ? 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್, 1939ರ ಒಂದು ಉಪನ್ಯಾಸವನ್ನು ಬೆಳೆಸಿ ಬರೆದ ಪ್ರಬಂಧದಲ್ಲಿ ಹಸಿರು ಸೂರ್ಯನ ಮಾತು ತೆಗೆಯುತ್ತಾರೆ. 'ಹಸಿರು ಸೂರ್ಯ' ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಆ ಸೂರ್ಯ ಸಹಜ ಅನ್ನಿಸುವ ಲೋಕ ಕಟ್ಟುವುದಕ್ಕೆ ದುಡಿಮೆ ಬೇಕು. ವಿಮರ್ಶಕನಾಗಿ ನನ್ನ ಕೆಲಸ ಆ ದುಡಿಮೆ ಎಲ್ಲಿ ಸಡಿಲವಾಯಿತು ಅಂತ ನೋಡುವುದು.

ಮೊದಲ ಓದಿಗೆ ನನ್ನ ಕೈಯಲ್ಲಿ ಒಂದು ಪೆನ್ಸಿಲ್ ಮಾತ್ರ. ನಂಬಿಕೆ ಜಾರಿದ ಕಡೆ ಅಂಚಿನಲ್ಲಿ ಇಂಟು ಗುರುತು. ಓದುತ್ತಿದ್ದೇನೆ ಅನ್ನುವುದೇ ಮರೆತುಹೋದ ಕಡೆ ಒಂದು ಚುಕ್ಕಿ. (ಚುಕ್ಕಿ ಯಾವಾಗಲೂ ಒಂದೆರಡು ಪುಟ ತಡವಾಗಿಯೇ ಬೀಳುತ್ತದೆ. ಮರೆತಿದ್ದೆ ಅಂತ ನೆನಪಾಗಬೇಕಲ್ಲ.) ಟಿಪ್ಪಣಿ ಬರೆಯುವುದಿಲ್ಲ. ಬರೆಯಲು ಹೋದರೆ ಅಲ್ಲೇ ವಿಮರ್ಶೆ ಶುರುವಾಗುತ್ತದೆ, ಓದು ನಿಲ್ಲುತ್ತದೆ. ಎರಡನೇ ಸಲ ಆ ಗುರುತುಗಳ ಸುತ್ತಮುತ್ತ ಮಾತ್ರ ಓದುತ್ತೇನೆ.

ಆಗ ಗೊತ್ತಾದದ್ದು, ಇಂಟು ಬಿದ್ದ ಪುಟದಲ್ಲಿ ತಪ್ಪು ಇರುವುದು ಅಪರೂಪ. ಒಂದು ಫ್ಯಾಂಟಸಿ ಕಾದಂಬರಿಯಲ್ಲಿ ಮಂತ್ರ ಹಾಕಿದವರು ಪ್ರತಿ ಸಲ ಒಂದು ನೆನಪು ಕಳೆದುಕೊಳ್ಳುತ್ತಾರೆ. ಒಳ್ಳೆಯ ನಿಯಮ. ಕೊನೆಯಲ್ಲಿ ನಾಯಕ ಎಲ್ಲಕ್ಕಿಂತ ದೊಡ್ಡ ಮಂತ್ರ ಹಾಕುತ್ತಾನೆ, ತಾಯಿಯ ಮುಖವನ್ನೇ ಮರೆಯುತ್ತಾನೆ. ಕಣ್ಣು ತುಂಬಬೇಕಿತ್ತು, ನಾನು ಇಂಟು ಹಾಕಿದ್ದೆ. ಆ ದೃಶ್ಯವನ್ನು ಮೂರು ಸಲ ಓದಿದೆ, ಒಂದು ಪದವೂ ಜಾಸ್ತಿ ಇರಲಿಲ್ಲ. ಹಿಂದಕ್ಕೆ ಹೋದೆ. ತುಂಬ ಹಿಂದೆ, ಮೊದಲ ಭಾಗದಲ್ಲೇ ಸಿಕ್ಕಿತು. ಅಲ್ಲಿ ಅವನು ತಂಗಿಯ ಹೆಸರು ಮರೆತಿದ್ದ. ಎರಡು ಪುಟ ದಾಟುವಷ್ಟರಲ್ಲಿ ಅದೇ ಹೆಸರು ಹಿಡಿದು ಅವಳನ್ನು ಕೂಗಿದ್ದ. ಲೇಖಕರು ಗಮನಿಸಿರಲಿಲ್ಲ. ಓದುವಾಗ ನಾನೂ ಗಮನಿಸಿರಲಿಲ್ಲ. ಆದರೆ ಈ ಲೋಕದಲ್ಲಿ ಮರೆತದ್ದು ವಾಪಸ್ ಬರುತ್ತದೆ ಅಂತ ಮನಸ್ಸಿನ ಯಾವುದೋ ಮೂಲೆ ಬರೆದಿಟ್ಟುಕೊಂಡಿತ್ತು.

ವಿಮರ್ಶೆಯಲ್ಲಿ ಬರೆದದ್ದು ಆ ತಂಗಿಯ ಹೆಸರಿನ ಬಗ್ಗೆ. ಅಂತ್ಯದ ಗುಟ್ಟು ಬಿಡಬೇಕಾಗಿ ಬರಲಿಲ್ಲ, ಅದೂ ಒಂದು ಲಾಭ.

ಹೊಸ ಪದಗಳ ವಿಷಯದಲ್ಲಿ ನಾನು ಸ್ವಲ್ಪ ಕಟುಕ. ಕಲ್ಪಿತ ಹೆಸರುಗಳನ್ನು ಕೊನೆಯ ಖಾಲಿ ಹಾಳೆಯಲ್ಲಿ ಬರೆಯುತ್ತಾ ಹೋಗುತ್ತೇನೆ. ಮೊದಲ ಅಧ್ಯಾಯಕ್ಕೇ ಹಾಳೆ ತುಂಬಿದರೆ ಸುಮ್ನೆ ಜೋರಾಗಿ ಓದಿ ನೋಡುತ್ತೇನೆ. ಒಂದರಂತೆ ಒಂದು ಕೇಳುವ ಮೂರು ಹೆಸರಿದ್ದರೆ ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಕಲಿತದ್ದು ಅಮೆರಿಕದ ಲೇಖಕಿ ಅರ್ಸುಲಾ ಲೆಗ್ವಿನ್ ಅವರಿಂದ. 1969ರ ಅವರ ಕಾದಂಬರಿಯಲ್ಲಿ ಒಂದು ಗ್ರಹದ ಜನ ತಿಂಗಳ ಬಹುಪಾಲು ದಿನ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಆದರೂ ಇಂಗ್ಲಿಷಿನಲ್ಲಿ ಎಲ್ಲರಿಗೂ 'ಅವನು' ಅನ್ನುವ ಪದವನ್ನೇ ಬಳಸಿದ್ದರು. ಟೀಕೆ ಬಂದಾಗ ಮೊದಲು ಒಂದು ಪ್ರಬಂಧದಲ್ಲಿ ಸಮರ್ಥಿಸಿಕೊಂಡರು. ಹತ್ತು ವರ್ಷ ಕಳೆದ ಮೇಲೆ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ, ಮನಸ್ಸು ಬದಲಾಗಿದೆ ಅಂದರು. ತನ್ನ ಪುಸ್ತಕವನ್ನು ತಾನೇ ಹೀಗೆ ವಿಮರ್ಶೆ ಮಾಡಿಕೊಳ್ಳಲು ಎಷ್ಟು ಗಟ್ಟಿ ಗುಂಡಿಗೆ ಬೇಕು! ನಮ್ಮಲ್ಲಿ ಕ್ರಿಯಾಪದವೇ ಬಾಯಿ ಬಿಡುತ್ತದೆ. ಬಂದನು, ಬಂದಳು. 'ಅವರು ಬಂದರು' ಅಂದರೆ ಲಿಂಗ ಅಡಗುತ್ತದೆ, ಗೌರವ ಅಂಟಿಕೊಳ್ಳುತ್ತದೆ. ಕತ್ತು ಕೊಯ್ಯಲು ಬಂದ ಶತ್ರುವಿಗೂ 'ಅವರು'. 'ಅದು ಬಂತು' ಅಂದರೆ ಪ್ರಾಣಿಯೋ ಕೂಸೋ ಆಗಿಬಿಡುತ್ತದೆ. ಇಂಥ ಜೀವಿಗಳಿರುವ ಕನ್ನಡ ಕಥೆ ಸಿಕ್ಕಿದರೆ ನಾನು ಮೊದಲು ನೋಡುವುದು ವಾಕ್ಯದ ಬಾಲ.

ಬರೆಯುವವನಾಗಿ ವಿಮರ್ಶೆ ಮಾಡುವುದರಲ್ಲಿ ಒಂದು ಕೆಟ್ಟ ಚಾಳಿಯೂ ಇದೆ. ನಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ ಅನ್ನುವುದು ಸದ್ದಿಲ್ಲದೆ ನುಸುಳುತ್ತದೆ. ಅದಕ್ಕೇ ಕರಡು ಮುಗಿದ ಮೇಲೆ 'ಇರಬೇಕಿತ್ತು', 'ಮಾಡಬಹುದಿತ್ತು' ಅನ್ನುವ ಸಾಲುಗಳನ್ನೆಲ್ಲ ಹುಡುಕಿ ಹೊಡೆದುಹಾಕುತ್ತೇನೆ. ಒಮ್ಮೆ ಹೀಗೆ ಹೊಡೆದಾಗ ಉಳಿದದ್ದು ನಾಲ್ಕು ಸಾಲು. ಇನ್ನು, ನನ್ನ ಕರಡಿನಲ್ಲಿರುವ ಕಲ್ಪನೆಯೇ ಇರುವ ಪುಸ್ತಕಕ್ಕೆ ನಾನು ವಿಮರ್ಶೆ ಬರೆಯುವುದಿಲ್ಲ. ಹೊಟ್ಟೆಕಿಚ್ಚು ಎಷ್ಟು ಜಾಣತನದ ಮಾತಾಡುತ್ತದೆ ಅಂತ ಗೊತ್ತು.

ಕಳೆದ ವರ್ಷ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡು ಮುಗಿಸಿದೆ. ಒಬ್ಬ ಗೆಳತಿಗೆ ಕೊಟ್ಟು, ಏನೂ ಬರೆಯಬೇಡ, ಇಂಟು ಮತ್ತು ಚುಕ್ಕಿ ಮಾತ್ರ ಹಾಕು ಅಂದೆ. ವಾಪಸ್ ಬಂದಾಗ ಮೊದಲ ಇಂಟು 2ನೇ ಪುಟದಲ್ಲೇ ಇತ್ತು. ನನ್ನ ಅಭ್ಯಾಸದಂತೆ ಕಾರಣ ಹುಡುಕಿಕೊಂಡು ಹಿಂದಕ್ಕೆ ಹೋಗೋಣ ಅಂದುಕೊಂಡೆ. ಹಿಂದೆ ಇದ್ದದ್ದು ಒಂದೇ ಪುಟ. ಅದರ ತುಂಬ ಏಳು ತಲೆಮಾರಿನ ರಾಜರ ಹೆಸರುಗಳು.