ಕ್ರೀಡಾ ಸ್ಕಾಲರ್‌ಶಿಪ್ ಆಫರ್‌ಗೆ ಒಪ್ಪಿಗೆ ಕೊಡುವ ಮುಂಚೆ

ಅಮೆರಿಕದ ಹೈಸ್ಕೂಲಿನಲ್ಲಿ ಓದುವ ಮಗಳು ಟೆನಿಸ್ಸಿನಲ್ಲೋ ಮಗ ಈಜಿನಲ್ಲೋ ಚೆನ್ನಾಗಿ ಬೆಳೆದರೆ ಕಾಲೇಜು ಕೋಚ್‌ಗಳು ಹುಡುಕಿಕೊಂಡು ಬರುತ್ತಾರೆ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ, ಅದರ ಮೇಲಿನ ಹಂತ ಡಿವಿಷನ್ 1. ಅದರ ಹೆಚ್ಚಿನ ಆಟಗಳಲ್ಲಿ ಕೋಚ್ ನೇರವಾಗಿ ಮಾತಾಡಬಹುದಾದದ್ದು 10ನೇ ಗ್ರೇಡ್ ಮುಗಿದ ಬೇಸಿಗೆಯ ಜೂನ್ 15ರಿಂದ. ಲಿಖಿತ ಆಫರ್ ಸಿಗುವುದು 12ನೇ ಗ್ರೇಡ್ ಶುರುವಾಗುವ ವರ್ಷದ ಆಗಸ್ಟ್ 1ರ ನಂತರ. ಈ ನಡುವೆ ಫೋನಿನಲ್ಲಿ ಕೇಳಿದ್ದೆಲ್ಲ ಬಾಯಿಮಾತು. ಮಗು 'ಬರ್ತೀನಿ' ಅಂದದ್ದೂ ಬಾಯಿಮಾತೇ, ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಆ ಕೋಚ್ ಕೆಲಸ ಬಿಟ್ಟರೆ ಹೊಸದಾಗಿ ಬಂದವರು ಅದನ್ನು ಉಳಿಸಿಕೊಳ್ಳಲೇಬೇಕೆಂದಿಲ್ಲ.

ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದು ಡಿವಿಷನ್ 1, ಡಿವಿಷನ್ 2, ಎನ್‌ಎಐಎ ಎಂಬ ಇನ್ನೊಂದು ಕ್ರೀಡಾ ಸಂಸ್ಥೆಯ ಕಾಲೇಜುಗಳು ಮತ್ತು ಕೆಲವು ಜೂನಿಯರ್ ಕಾಲೇಜುಗಳು. ಡಿವಿಷನ್ 3 ಮತ್ತು ಐವಿ ಲೀಗ್ ಕಾಲೇಜುಗಳು ಆಟಕ್ಕೆಂದು ದುಡ್ಡು ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚು ಆಡುವ ಬ್ಯಾಡ್ಮಿಂಟನ್, ಕ್ರಿಕೆಟ್ ಎರಡೂ ಎನ್‌ಸಿಎಎ ಆಟಗಳಲ್ಲ.

'50 ಪರ್ಸೆಂಟ್ ಕೊಡ್ತೀವಿ' ಅಂದರೆ ತಕ್ಷಣ ಕೇಳಬೇಕಾದ ಪ್ರಶ್ನೆ: ಯಾವುದರ 50? ಟ್ಯೂಷನ್ 40,000 ಡಾಲರ್, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಸೇರಿ 60,000 ಎಂದಿಟ್ಟುಕೊಳ್ಳಿ. ಟ್ಯೂಷನ್ನಿನ ಅರ್ಧವಾದರೆ ನಿಮ್ಮ ಕೈಯಿಂದ ವರ್ಷಕ್ಕೆ 40,000, ಒಟ್ಟು ಖರ್ಚಿನ ಅರ್ಧವಾದರೆ 30,000. 4 ವರ್ಷಕ್ಕೆ 40,000 ಡಾಲರ್ ವ್ಯತ್ಯಾಸ! ಅಂಕಗಳ ಮೇಲೆ ಸಿಗುವ ಸ್ಕಾಲರ್‌ಶಿಪ್ ಇದರ ಜೊತೆ ಸೇರುತ್ತದೋ, ಕಡಿತವಾಗುತ್ತದೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಊಟ, ವಸತಿಗೆ ಸಿಕ್ಕ ಭಾಗಕ್ಕೆ ಆದಾಯ ತೆರಿಗೆ ಅನ್ವಯಿಸುತ್ತದೆ. ಟ್ಯೂಷನ್ ಮತ್ತು ಕಡ್ಡಾಯ ಪುಸ್ತಕಗಳ ಭಾಗಕ್ಕೆ ಇಲ್ಲ.

ಹೂಂ ಅನ್ನಲು ಸರಿಯಾದ ಸಮಯ ಬಂದಿದೆಯೇ ಎಂದು ತಿಳಿಯಲು ಮೂರು ಸಂಗತಿ ಕೈಯಲ್ಲಿರಬೇಕು. ಮೊತ್ತ ಮತ್ತು ಅವಧಿ ಬರಹದಲ್ಲಿ ಬಂದಿರಬೇಕು. ಅಡ್ಮಿಷನ್ ಆಫೀಸು ಮಗುವಿನ ಮಾರ್ಕ್ಸ್ ನೋಡಿ, ಸೀಟು ಸಿಗುವ ಸಾಧ್ಯತೆ ಹೇಳಿರಬೇಕು. ಇದಕ್ಕೆ ಪ್ರೀ-ರೀಡ್ ಅನ್ನುತ್ತಾರೆ, ಕೋಚ್‌ನಿಂದಲೇ ಕೇಳಿ ಪಡೆಯಬಹುದು. ಮೂರನೆಯದು, ಮಗು ಕ್ಯಾಂಪಸ್ಸಿಗೆ ಹೋಗಿ ತಂಡದ ಮಕ್ಕಳ ಜೊತೆ, ಕೋಚ್ ಪಕ್ಕದಲ್ಲಿಲ್ಲದಾಗ ಮಾತಾಡಿರಬೇಕು. ಓದಬೇಕೆಂದಿರುವ ವಿಷಯದ ಲ್ಯಾಬ್, ಆಟದ ಅಭ್ಯಾಸದ ಹೊತ್ತಿಗೇ ಬೀಳುತ್ತದೆಯೇ ಎಂಬುದು ಆ ಮಕ್ಕಳಿಂದಲೇ ಗೊತ್ತಾಗುವುದು.

ಕಾಯುವುದಕ್ಕೂ ಬೆಲೆಯಿದೆ. ಒಂದೇ ಜಾಗಕ್ಕೆ ಕೋಚ್ ಇಬ್ಬರು ಮೂವರ ಜೊತೆ ಮಾತಾಡುತ್ತಿರುತ್ತಾರೆ. ಕ್ರೀಡಾಪಟುಗಳು ಹೂಡಿದ್ದ ದಾವೆಯಲ್ಲಿ ಎನ್‌ಸಿಎಎ ಮಾಡಿಕೊಂಡ ರಾಜಿಯಾದ 2025ರ ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಯ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ: ಟೆನಿಸ್ಸಿಗೆ 10, ಗಾಲ್ಫಿಗೆ 9. ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ಅನುಭವಿಗಳೂ ಅದೇ ಜಾಗ ತುಂಬುತ್ತಾರೆ. ಆದ್ದರಿಂದ ಗಡುವು ಯಾವತ್ತು ಎಂದು ಕೇಳಿ. ಒಂದೆರಡು ವಾರ ಕೇಳುವುದು ತಪ್ಪಲ್ಲ. ಮುಂದಿನ ತಿಂಗಳು ದೊಡ್ಡ ಟೂರ್ನಿಯಿದ್ದರೆ, ಇನ್ನೆರಡು ಕಾಲೇಜುಗಳು ನಿಜಕ್ಕೂ ಆಸಕ್ತಿ ತೋರಿಸಿದ್ದರೆ ಕಾಯಿರಿ. ಕೈಯಲ್ಲಿರುವುದು ಇದೊಂದೇ ಆಫರ್, ಮಗುವಿಗೂ ಇಷ್ಟ, ಖರ್ಚೂ ತೂಗುತ್ತದೆ ಅಂದರೆ ಎಳೆದಾಡಬೇಡಿ. ಈ ಮಾತುಕತೆ ಮಗುವೇ ಆಡಲಿ. ಹಿರಿಯರು ಮುಂದೆ ನಿಂತು ಮಾತಾಡುವ ನಮ್ಮ ಪದ್ಧತಿ ಇಲ್ಲಿ ಮಗುವಿಗೆ ತೊಡಕಾಗುತ್ತದೆ. ದುಡ್ಡಿನ ಲೆಕ್ಕ ಬಂದಾಗ ನೀವು ಕೂತರೆ ಸಾಕು.

ಇದೇ ಕಾಲೇಜಿಗೆ ಸೇರುತ್ತೇನೆಂದು ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಹಳೆಯ ಪತ್ರ 2024ರ ಅಕ್ಟೋಬರಿನಲ್ಲಿ ರದ್ದಾಯಿತು. ಈಗ ಸಹಿ ಹಾಕುವುದು ಕಾಲೇಜಿನ ಆರ್ಥಿಕ ನೆರವಿನ ಒಪ್ಪಂದಕ್ಕೆ. ಅದರಲ್ಲಿ ಅವಧಿಯ ಸಾಲನ್ನು ಎರಡು ಸಲ ಓದಿ: ಒಂದೇ ವರ್ಷವೋ, ಹಲವು ವರ್ಷವೋ? ಡಿವಿಷನ್ 1ರಲ್ಲಿ ಆ ಅವಧಿಯೊಳಗೆ ಗಾಯವಾಯಿತೆಂದೋ ಆಟ ಕುಸಿಯಿತೆಂದೋ ಮೊತ್ತ ಇಳಿಸುವಂತಿಲ್ಲ. ಅವಧಿ ಮುಗಿದ ಮೇಲೆ ನವೀಕರಿಸದೆಯೂ ಇರಬಹುದು. ಆ ಸುದ್ದಿಯನ್ನು ಜುಲೈ 1ರೊಳಗೆ ತಿಳಿಸಬೇಕು, ಮೇಲ್ಮನವಿಗೆ ಅವಕಾಶವೂ ಉಂಟು.

ಬಹಳ ಮಕ್ಕಳು ಎಡವುವುದು ಅರ್ಹತೆಯಲ್ಲಿ. ಡಿವಿಷನ್ 1ಕ್ಕೆ ಹೈಸ್ಕೂಲಿನ ಮುಖ್ಯ ವಿಷಯಗಳ 16 ಕೋರ್ ಕೋರ್ಸು, ಅವುಗಳಲ್ಲಿ 2.3 ಜಿಪಿಎ (ಸರಾಸರಿ ಗ್ರೇಡ್) ಬೇಕು. 12ನೇ ಗ್ರೇಡ್ ಶುರುವಾಗುವ ಮುಂಚೆಯೇ 10 ಕೋರ್ಸು ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ 9, 10 ಓದಿ ಬಂದವರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಜೋಪಾನವಾಗಿ ತರುತ್ತಾರೆ, 9ನೇ ತರಗತಿಯದನ್ನು ಮರೆಯುತ್ತಾರೆ. ಎನ್‌ಸಿಎಎ ದಾಖಲೆ ಕೇಳುವುದು 9ರಿಂದಲೇ. ಅದು ಬೋರ್ಡಿನಲ್ಲಿ ಸಿಗುವುದಿಲ್ಲ, ಶಾಲೆಯ ಸೀಲು, ಸಹಿ ಹಾಕಿಸಿ ತರಿಸಬೇಕು. ಊರಿನಲ್ಲಿರುವ ಅಜ್ಜಿ, ಮಾವಂದಿರಿಗೆ ಈಗಲೇ ಹೇಳಿಡಿ.

ಅಪ್ಪ ಅಮ್ಮನ ಕೆಲಸದ ವೀಸಾ ನೆಚ್ಚಿದ ಎಚ್-4 ವೀಸಾದಲ್ಲಿರುವ ಮಕ್ಕಳಿಗೂ ಕ್ರೀಡಾ ಸ್ಕಾಲರ್‌ಶಿಪ್ ಸಿಗುತ್ತದೆ, ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಸಿಗುವುದಿಲ್ಲ. 21 ತುಂಬುವ ಮೊದಲೇ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಬಹುದು. ಹೆಸರು, ಫೋಟೋ ಬಳಸಿ ದುಡ್ಡು ಕೊಡುವ ಎನ್‌ಐಎಲ್ ಒಪ್ಪಂದಕ್ಕೆ ವಲಸೆ ವಕೀಲರು ನೋಡದೆ ಸಹಿ ಬೇಡ. ಸ್ಕಾಲರ್‌ಶಿಪ್ಪಿನಲ್ಲಿ ಪಾಲು ಕೇಳುವ ಏಜೆಂಟರನ್ನಂತೂ ಮನೆಯೊಳಗೆ ಬಿಡಬೇಡಿ: ಮೊತ್ತದ ಮೇಲೆ ಶುಲ್ಕ ತೆತ್ತರೆ ಮಗುವಿನ ಅರ್ಹತೆಯೇ ಹೋಗಬಹುದು.